ಸಾಪಿಬಿಲ

ನಮ್ಮ ಮನೆಯಲ್ಲಿ ಅದರ ಹೆಸರು ಸಾಪಿಬಿಲ.
ಕುದ್ರೋಳಿಯ ಬೇರೆ ಯಾವ ಮನೆಯಲ್ಲೂ ಮಾಡುವುದಿಲ್ಲ.
ಮದುವೆಯಾದ ಹೊಸದರಲ್ಲಿ ಅತ್ತೆ ಕೇಳಿದ್ದರು,
ಬಿಲ ಅಂದರೆ ಏಡಿಯದ್ದಾ, ಇಲಿಯದ್ದಾ?
ನಾನೂ ನಕ್ಕಿದ್ದೆ. ಗೊತ್ತಿದ್ದರಲ್ಲವೆ ಹೇಳುವುದು.

ಬಂಗುಡೆ ಎಂಟು. ಅರಸಿನ ಹಾಕಿ ಬೇಯಿಸಿ
ಮುಳ್ಳು ಬಿಡಿಸಬೇಕು, ಬೆರಳಿಗೆ ಕಣ್ಣಿರಬೇಕು.
ಬಾಳೆದಿಂಡು ಕೊಯ್ಯುವಾಗ ಬರುವ ನಾರನ್ನು
ತೋರುಬೆರಳಿಗೆ ಸುತ್ತುತ್ತಾ ಹೋಗಬೇಕು,
ಉಂಗುರದ ಹಾಗೆ.
ಮಜ್ಜಿಗೆಹುಲ್ಲಿನ ಬುಡ ಜಜ್ಜಿ,
ಹುರಿದ ಅಕ್ಕಿಯ ಹುಡಿ, ಕಡಲೆಹಿಟ್ಟು ಕದಡಿ,
ಸಾರು ಸೌಟಿಗೆ ಅಂಟಿಯೂ ಅಂಟದ ಹಾಗೆ ನಿಂತಾಗ
ಒತ್ತಿದ ಸೇಮಿಗೆಯ ಮೇಲೆ ಹೊಯ್ಯುವುದು.
ಅಷ್ಟೇ. ಅಷ್ಟೇ ಅಂದರೆ ಮೂರು ಗಂಟೆ.

ತಂದವಳು ನನ್ನ ಉಮ್ಮನ ಉಮ್ಮನ ಉಮ್ಮ.
ರಂಗೂನಿನಲ್ಲಿ ಅವಳು ಮಾ ಠ್ವೇ,
ಅಕ್ಕಿ ಮಿಲ್ಲಿನ ಗುಮಾಸ್ತ ಚೆಯ್ಯಬ್ಬನ ನಿಖಾಹದಲ್ಲಿ ಹಲೀಮ,
ಬಂದರಿನ ಹೆಂಗಸರ ಬಾಯಲ್ಲಿ ಚೀನದವಳು.
ಬಾಂಬು ಬಿದ್ದ ವರ್ಷ ಕಾಡು ಹಾದು ನಡೆದು ಬಂದರಂತೆ,
ಎರಡು ವರ್ಷದ ಐಸಮ್ಮ ಸೊಂಟದಲ್ಲಿ.
ಪಾತ್ರೆ ದಾರಿಯಲ್ಲೇ ಉಳಿಯಿತು, ಚಿನ್ನ ಅಕ್ಕಿಗೆ ಹೋಯಿತು,
ಐಸಮ್ಮನ ಅಣ್ಣ ಯಾವುದೋ ಹೊಳೆಯ ದಡದಲ್ಲಿ.
ಅವನ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ.
ಅಡುಗೆ ಮಾತ್ರ ಬಂತು, ಅದಕ್ಕೆ ಭಾರವಿಲ್ಲ.

ಬಂದದ್ದೂ ಇಡಿಯಾಗಿ ಬರಲಿಲ್ಲ.
ಅಲ್ಲಿಯ ಹೊಳೆಮೀನು ಇಲ್ಲಿ ಬಂಗುಡೆಯಾಯಿತು.
ಅಲ್ಲಿಯ ಕೊಳೆಸಿದ ಸಿಗಡಿಗೆ ಇಲ್ಲಿ ಒಣ ಎಟ್ಟಿಯ ಹುಡಿ.
ಐಸಮ್ಮ ಬ್ಯಾಡಗಿ ಮೆಣಸು ಸೇರಿಸಿದಳು, ಗಂಡನ ಬಾಯಿಗೆ.
ಉಮ್ಮ ತೆಂಗಿನಹಾಲು ಹೊಯ್ದಳು, ಯಾರನ್ನೂ ಕೇಳದೆ.
ಮಗಳು ನುಸೈಬಾ ಪ್ಯಾಕೆಟ್ಟಿನ ಸೇಮಿಗೆ ತಂದು
ಗ್ರಾಮಿನಲ್ಲಿ ತೂಗುತ್ತಾಳೆ.
ಬಾಳೆದಿಂಡೊಂದನ್ನು ಯಾರೂ ಬದಲಿಸಲಿಲ್ಲ;
ಅದು ಅಲ್ಲಿಯೂ ಬಾಳೆದಿಂಡೇ, ಇಲ್ಲಿಯೂ.

ಹೋದ ಡಿಸೆಂಬರಿನಲ್ಲಿ
ಪಣಂಬೂರಿಗೆ ಕಲ್ಲಿದ್ದಲು ತಂದ ಹಡಗಿನಿಂದ
ಹಲ್ಲುನೋವಿನ ಹುಡುಗನೊಬ್ಬ ಇಳಿದ.
ತಮ್ಮ ಸವಾದನ ಟ್ಯಾಕ್ಸಿ. ಅತ್ತಾವರದಲ್ಲಿ ದವಡೆಹಲ್ಲು ಕೀಳಿಸಿ,
ಊರು ಯಾವುದೆಂದು ಕೇಳಿ,
ಸಂಜೆಯವರೆಗೆ ಊರೆಲ್ಲ ಸುತ್ತಿಸಿ
ನೇರ ನಮ್ಮ ಅಡುಗೆಮನೆಗೇ ಕರೆತಂದ:
ಅಕ್ಕಾ, ಇವನಿಗೆ ಮೆತ್ತಗಿನದು ಏನಾದರೂ ಕೊಡು.
ಇವನು ಅಲ್ಲಿಯವನು.

ಶುಕ್ರವಾರ. ಒಲೆಯ ಮೇಲೆ ಅದೇ ಇತ್ತು.
ಹುಡುಗ ಊದದ ಕೆನ್ನೆಯ ಬದಿಯಿಂದ ಉಂಡ.
ತೆಂಗಿನಹಾಲಿಗೆ ಅವನ ಹುಬ್ಬು ಗಂಟಾದದ್ದು ಕಂಡು
ಉಮ್ಮ ಬೇರೆ ಕಡೆ ನೋಡಿದಳು.
ಎರಡನೆಯ ಸಲ ಬಡಿಸುತ್ತಾ ನಾನು, ಬಹಳ ಹೆಮ್ಮೆಯಿಂದ,
ಪಾತ್ರೆ ತೋರಿಸಿ ಹೇಳಿದೆ: ಸಾಪಿಬಿಲ.

ಅವನು ಬಟ್ಟಲು ಕೆಳಗಿಟ್ಟ.
ನೋವಿನ ಬಾಯಲ್ಲೇ ಏನೋ ಅಂದ.
ನಮಗೆ ತಿಳಿಯದ್ದು ನೋಡಿ, ಹರಕು ಹಿಂದಿಯಲ್ಲಿ:
ಇದರ ಹೆಸರು ಅದಲ್ಲ. ಅದು ಹೆಸರೇ ಅಲ್ಲ.
ನೀವು ಕೇಳಿದ್ದು, ಊಟ ಆಯಿತಾ ಎಂದು.
ನಾನು ಹೇಳಿದ್ದು, ಆಯಿತು.

ಒಲೆಯ ಮೇಲೆ ಸಾರು ಬುಳುಬುಳು ಅನ್ನುತ್ತಿತ್ತು.

ಹಾಗಾದರೆ ಅವಳು
ಅರ್ಥವಾಗದ ಬೀದಿಯ ಬಾಗಿಲಲ್ಲಿ ಸೌಟು ಹಿಡಿದು
ಆಟ ಮುಗಿಸಿ ಬಂದ ಮಕ್ಕಳಿಗೆ ದಿನವೂ ಅದನ್ನೇ,
ಊಟ ಆಯಿತಾ? ಊಟ ಆಯಿತಾ?
ಮಕ್ಕಳು ಬಟ್ಟಲು ಚಾಚಿ ಕೂಗಿದ್ದು,
ಇನ್ನೊಂಚೂರು ಊಟ ಆಯಿತಾ ಕೊಡು!
ಯಾಕೆ ತಿದ್ದಲಿಲ್ಲ? ನಕ್ಕಿರಬೇಕು.
ಅಥವಾ, ತನ್ನದೊಂದು ಮಾತು ಯಾರ ಬಾಯಲ್ಲಾದರೂ
ತಪ್ಪಾಗಿಯಾದರೂ ಇರಲಿ ಎಂದು.
ಈ ಊರೂ ಕೇಳುವುದು ಅದನ್ನೇ ಅಲ್ಲವೆ,
ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ,
ಹೊರಟ ಬಸ್ಸಿನ ಕಿಟಕಿಯಿಂದಲೂ.
ಅವಳೊಬ್ಬಳು ಕೇಳಿದ್ದಕ್ಕೆ ಮಾತ್ರ
ಎಂಬತ್ತು ವರ್ಷ ಯಾರೂ ಉತ್ತರ ಕೊಟ್ಟಿರಲಿಲ್ಲ.

ಹುಡುಗ ಕಲಿಸಿದ: ಸಾ ಪೀ ಬೀ.
ಉಮ್ಮ ಮೂರು ಸಲ ಹೇಳಿ ನೋಡಿದಳು,
ಕೊನೆಯ ಸಲ ಸೆರಗಿನೊಳಗೆ.

ನುಸೈಬಾ ಪುಸ್ತಕ ಬಿಚ್ಚಿದ್ದಾಳೆ. ಮೇಲೆ ಏನಂತ ಬರೆಯಲಿ?
ಹಳೆಯದೇ ಬರೆ ಮಗಳೇ,
ಕೊನೆಗೊಂದು ಪ್ರಶ್ನೆ ಚಿಹ್ನೆ ಹಾಕು.
ಬಂಗುಡೆ ಎಂಟು ಅಂತ ಬೇಡ, ಬರುವವರನ್ನು ನೋಡಿ ಅಂತ ಇರಲಿ.
ಮುಳ್ಳು ಎರಡು ಸಲ ಹುಡುಕು.